ಪುಂಡಲೀಕನ ಉಪವಾಸ

ಹೊಳೆಸಿರಗುಪ್ಪಿಯ ರೈಲು ನಿಲ್ದಾಣದ ಹಿಂದೆ ಒಂದು ತಗಡಿನ ಕೊಟ್ಟಿಗೆ ಇತ್ತು. ಊರಿನಲ್ಲಿ ಟಾಂಗಾಗಳು ಓಡುತ್ತಿದ್ದ ಕಾಲದಲ್ಲಿ ಅಲ್ಲಿ ಕುದುರೆ ಕಟ್ಟುತ್ತಿದ್ದರು. ಟಾಂಗಾಗಳು ಹೋದವು, ಕುದುರೆಗಳು ಹೋದವು, ಕೊಟ್ಟಿಗೆ ಉಳಿಯಿತು. ಪೂಜ್ಯ ಶ್ರೀ ಮೌನಪ್ಪಜ್ಜನವರು ತಮ್ಮ ಕೊನೆಯ ಹತ್ತೊಂಬತ್ತು ವರ್ಷಗಳನ್ನು ಕಳೆದದ್ದು ಆ ಕೊಟ್ಟಿಗೆಯಲ್ಲಿ. ಪೂರ್ವಾಶ್ರಮದಲ್ಲಿ ಅವರೂ ಟಾಂಗಾ ಹೊಡೆದವರೇ. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎರಡು ಸಲ ಜಾಗ ಅಳೆದು ಬಂದರು. ಎರಡು ಸಲವೂ ಅಜ್ಜನವರು ಮಳೆಗೆ ಸೋರುವ ಮೂಲೆಯನ್ನು ತೋರಿಸಿ, ಅಲ್ಲಿಗೊಂದು ತಗಡು ಬಡಿಸಿದರೆ ಸಾಕು ಎಂದರು. ಹಾಸಿಕೊಳ್ಳಲು ಗೋಣೀಚೀಲ, ನೀರಿಗೊಂದು ಗಡಿಗೆ, ಗೋಡೆಯ ಮೊಳೆಯಲ್ಲಿ ಹಳೆಯದೊಂದು ಕಡಿವಾಣ, ಇಷ್ಟೇ ಅಲ್ಲಿದ್ದದ್ದು. ದರ್ಶನಕ್ಕೆ ಬಂದವರೊಡನೆ ದಿನವಿಡೀ ಕೂತಿದ್ದರೂ ಹತ್ತು ಮಾತು ಆಡಿದರೆ ಹೆಚ್ಚು.

ರಕ್ತಾಕ್ಷಿ ಸಂವತ್ಸರದ ಕಾರ್ತಿಕ ಶುದ್ಧ ದ್ವಾದಶಿಯ ದಿನ, ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಕೊಟ್ಟಿಗೆಯ ಮುಂದೆ ಒಂದು ಆಟೋರಿಕ್ಷಾ ಬಂದು ನಿಂತಿತು. ಇಳಿದವರು ಮಂದಾಕಿನಿಬಾಯಿ ಗಲಗಲಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಆ ಊರಿನ ಹೆಂಗಸರಲ್ಲಿ ಮೊದಲು ಬಿ.ಎ. ಮಾಡಿದವರು. ಅವರ ಹಿಂದೆ ಹಿರಿಯ ಸೊಸೆ ಪದ್ಮಜಾ ಇಳಿದಳು. ಅವಳ ತೋಳಿನಲ್ಲಿ ಹಳೆಯ ಜಮಖಾನದಲ್ಲಿ ಸುತ್ತಿದ ಒಂದು ಕಂದುಬಣ್ಣದ ನಾಯಿ ಇತ್ತು. ನಾಯಿಯ ಹಣೆಗೆ ಕುಂಕುಮ, ಕೊರಳಿಗೆ ತುಳಸೀಮಾಲೆ.

ಆ ನಾಯಿಯ ಹೆಸರು ಪುಂಡಲೀಕ. ಹನ್ನೊಂದು ವರ್ಷದ ಹಿಂದೆ ಮಂದಾಕಿನಿಬಾಯಿಯವರ ಯಜಮಾನರು ತಮ್ಮ ಕೊನೆಯ ಪಂಢರಪುರ ಯಾತ್ರೆಯಿಂದ ಅಂಗವಸ್ತ್ರದಲ್ಲಿ ಸುತ್ತಿ ತಂದ ಮರಿ. ಅದೇ ವರ್ಷ ಯಜಮಾನರು ತೀರಿಕೊಂಡರು. ಮಡಿಮೈಲಿಗೆಯ ಮನೆ, ನಾಯಿಗೆ ಒಳಗೆ ಪ್ರವೇಶವಿರಲಿಲ್ಲ. ಅದು ಅಂಗಳದ ತುಳಸೀಕಟ್ಟೆಯ ಬಳಿ ಬೆಳೆಯಿತು, ಮನೆಯವರು ಉಂಡು ಉಳಿದದ್ದನ್ನು ತಿಂದಿತು. ಗಲಗಲಿಯವರ ಮನೆಯಲ್ಲಿ ಏಕಾದಶಿಯ ದಿನ ಒಲೆ ಹೊತ್ತಿಸುವುದಿಲ್ಲ. ದೊಡ್ಡವರಿಗೆ ನೀರೂ ಇಲ್ಲ, ಸಣ್ಣವರಿಗೆ ಬಾಳೆಹಣ್ಣು. ಹೀಗಾಗಿ ಪುಂಡಲೀಕನಿಗೂ ಹದಿನೈದು ದಿನಕ್ಕೊಮ್ಮೆ ಬರಿಯ ಹೊಟ್ಟೆ ಅಭ್ಯಾಸವಾಗಿಹೋಯಿತು. ಒಂದು ಏಕಾದಶಿಯಂದು ಪಕ್ಕದ ಮನೆಯವರು ಬಿಸ್ಕೀಟು ಹಾಕಿದಾಗ ನಾಯಿ ಮುಖ ತಿರುಗಿಸಿತು. ಅಂದಿನಿಂದ ಓಣಿಯಲ್ಲಿ ಅದಕ್ಕೊಂದು ಹೆಸರಾಯಿತು. ಏಕಾದಶಿ ಹಿಡಿಯುವ ನಾಯಿಯನ್ನು ನೋಡಲು ದೂರದ ಓಣಿಗಳಿಂದಲೂ ಜನ ಬರತೊಡಗಿದರು.

ಮಂದಾಕಿನಿಬಾಯಿಯವರು ಯಾವುದನ್ನೂ ಬರೆದಿಡದೆ ಬಿಟ್ಟವರಲ್ಲ. ಇದಕ್ಕೂ ಒಂದು ವಹಿ ಮಾಡಿದರು. ಗೆರೆ ಹೊಡೆದ ಇನ್ನೂರು ಪುಟದ ವಹಿ, ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ‘ಪುಂಡಲೀಕನ ವ್ರತಗಳು’ ಎಂಬ ಶಿರೋನಾಮೆ.

ಆ ವರ್ಷದ ಆಷಾಢ ಕಳೆದ ಮೇಲೆ ನಾಯಿ ಏಕಾದಶಿಯಲ್ಲದ ದಿನಗಳಲ್ಲೂ ಉಣ್ಣುವುದನ್ನು ಬಿಡತೊಡಗಿತು. ಮಂದಾಕಿನಿಬಾಯಿಯವರು ಪಂಚಾಂಗ ತೆಗೆದು ನೋಡಿದರು. ಪಂಚಾಂಗದಲ್ಲಿ ಏನೂ ಇಲ್ಲದ ದಿನವೆಂಬುದು ಇರುವುದಿಲ್ಲ. ಬಿಟ್ಟ ದಿನಕ್ಕೆಲ್ಲ ಒಂದೊಂದು ತಿಥಿ, ಒಂದೊಂದು ನಕ್ಷತ್ರ ಸಿಕ್ಕಿತು. ನಾಯಿ ಯಾರಿಗೂ ಮೈ ಮುಟ್ಟಗೊಡದೆ ಸರಿದು ಕೂತಾಗ, ಪುಂಡಲೀಕ ಮಡಿಯಲ್ಲಿದ್ದಾನೆ ಎಂದರು. ತುಳಸೀಕಟ್ಟೆಯ ತಣ್ಣನೆಯ ಕಲ್ಲಿಗೆ ಗದ್ದವೂರಿ ಗಂಟೆಗಟ್ಟಲೆ ಮಲಗಿದಾಗ, ದೇವರಮನೆಗೆ ನೇರವಾಗಿ ನಮಸ್ಕಾರ ಹಾಕಿದ್ದಾನೆ ಎಂದರು. ಬೊಗಳುವುದನ್ನು ನಿಲ್ಲಿಸಿದಾಗ ಅದು ಮೌನವ್ರತವಾಯಿತು. ನಾಯಿಯ ಬಾಯಿಂದ ರೊಟ್ಟಿಯ ತುಂಡು ಎಡಗಡೆ ಜಾರಿ ಬೀಳುತ್ತದೆ, ಬಿದ್ದ ತುಂಡಿನ ಮೇಲೆ ರಕ್ತದ ಕಲೆ ಇರುತ್ತದೆ ಎಂದು ಪದ್ಮಜಾ ಶ್ರಾವಣದಲ್ಲೇ ಹೇಳಿದ್ದಳು. ಅತ್ತೆಯವರು ವಹಿಯಿಂದ ತಲೆ ಎತ್ತದೆ ಉತ್ತರ ಕೊಟ್ಟಿದ್ದರು.

“ಏಕಾದಶಿ ದಿನ ಸುದ್ದಾ ಬಾಜೂ ಮನ್ಯಾಗ ಹೋಗಿ ಕದ್ದು ಚಹಾ ಕುಡಿಯಾಕಿ ನೀ. ವ್ರತದ ಮಾತು ನಿನಗೇನು ತಿಳೀತದ?”

ಮನೆಯಲ್ಲಿ ಎಲ್ಲರೂ ನಕ್ಕರು. ಪದ್ಮಜಾ ಮತ್ತೆ ಆ ವಿಷಯ ಎತ್ತಲಿಲ್ಲ.

ಈಗ ದ್ವಾದಶಿಯ ದಿನ, ಇಡೀ ಊರು ಪಾರಣೆ ಮಾಡಿದ ಬೆಳಿಗ್ಗೆ, ಪುಂಡಲೀಕ ಹಾಲನ್ನವನ್ನೂ ಮುಟ್ಟಿರಲಿಲ್ಲ. ಅಂದು ಸಂಜೆ ತುಳಸೀಲಗ್ನ. ಓಣಿಯ ಹೆಂಗಸರೆಲ್ಲ ಗಲಗಲಿಯವರ ಅಂಗಳದಲ್ಲೇ ಸೇರುವ ರೂಢಿ. ಅಷ್ಟರೊಳಗೆ ಅಜ್ಜನವರ ಬಾಯಿಂದ ಒಂದು ಮಾತು ಬರಬೇಕು, ಈ ಜೀವ ಹಿಂದಿನ ಜನ್ಮದಲ್ಲಿ ಯಾವ ಪುಣ್ಯಾತ್ಮನದು ಎಂದು ಅವರು ಹೇಳಬೇಕು, ಅದನ್ನು ಸಂಜೆ ಎಲ್ಲರೆದುರು ಹೇಳಬೇಕು ಎಂಬುದು ಮಂದಾಕಿನಿಬಾಯಿಯವರ ಮನಸ್ಸಿನಲ್ಲಿತ್ತು.

ಅವರು ಅಜ್ಜನವರಿಗೆ ನಮಸ್ಕರಿಸಿ, ವಹಿಯನ್ನು ಕೈಯಲ್ಲಿ ಹಿಡಿದು, ಯಾವ ಅಳುಕೂ ಇಲ್ಲದೆ, ಶಾಲೆಯ ವಾರ್ಷಿಕೋತ್ಸವದಲ್ಲಿ ವರದಿ ಓದುವವರ ಹಾಗೆ ನಾಯಿಯ ವೃತ್ತಾಂತವನ್ನೆಲ್ಲ ಹೇಳಿದರು. ಅಜ್ಜನವರು ಕೇಳಿದರು. ಕೇಳುತ್ತಿರುವಾಗ ಅವರ ದೃಷ್ಟಿ ಮಂದಾಕಿನಿಬಾಯಿಯವರ ಕಡೆ ಇರಲಿಲ್ಲ. ಪದ್ಮಜಾ ನಾಯಿಯನ್ನು ಕೆಳಗಿಳಿಸಿದ್ದಳು. ಅದು ಬೆನ್ನು ಬಾಗಿಸಿ, ತಲೆಯನ್ನು ಎಡಕ್ಕೆ ವಾಲಿಸಿ, ಗೋಡೆಗೆ ಮುಖ ಮಾಡಿ ನಿಂತಿತ್ತು.

“ಮೊದಲ ಆ ಮಾಲಿ ತಗಿಯವ್ವಾ” ಎಂದರು ಅಜ್ಜನವರು, ಪದ್ಮಜಾಗೆ.

ಮಾಲೆ ತೆಗೆಯಲು ಅವಳು ಕೈ ಚಾಚಿದಾಗ ನಾಯಿ ತುಟಿ ಎತ್ತಿ ಹಲ್ಲು ತೋರಿಸಿತು, ಮರುಕ್ಷಣ ತನ್ನದೇ ತಪ್ಪೆಂಬಂತೆ ಬಾಲ ಒಳಗೆ ಸೇರಿಸಿಕೊಂಡಿತು. ಮಾಲೆ ಹೊರಬಂದ ಮೇಲೆ ಅಜ್ಜನವರು ಎದ್ದು ಬಂದು ನೆಲದ ಮೇಲೆ ಕೂತರು. ನಾಯಿಯ ಎದುರಿಗೆ ಕೂರಲಿಲ್ಲ; ಪಕ್ಕದಲ್ಲಿ, ಅದರ ಕಡೆ ನೋಡದೆ, ತಾವೂ ಗೋಡೆಗೇ ಮುಖ ಮಾಡಿ ಕೂತರು. ಕೈಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಸುಮ್ಮನಿದ್ದರು. ಹೊರಗೆ ಒಂದು ಗೂಡ್ಸ್ ಗಾಡಿ ಪೂರ್ತಿ ಹಾದುಹೋಯಿತು. ಮಂದಾಕಿನಿಬಾಯಿಯವರು ಎರಡು ಸಲ ಕೈಗಡಿಯಾರ ನೋಡಿಕೊಂಡರು. ಆಮೇಲೆ ನಾಯಿಯೇ ಒಂದು ಹೆಜ್ಜೆ ಹಿಂದೆ ಸರಿದು ಅಜ್ಜನವರ ಅಂಗೈಗೆ ಬಲಗೆನ್ನೆಯನ್ನು ಆನಿಸಿತು. ಅವರು ಬಾಗಿ ಅದರ ಉಸಿರಿನ ವಾಸನೆ ನೋಡಿದರು. ಕಿವಿಯ ಕೆಳಗೆ ಎರಡು ಬೆರಳು ತಂದರು, ಮುಟ್ಟುವ ಮೊದಲೇ ನಾಯಿಯ ಮೈಯೆಲ್ಲ ಬಿಗಿಯಾಯಿತು. ಬೆರಳುಗಳನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಂಡರು.

“ವಹಿ ತಂದೀಯಲ್ಲವ್ವಾ, ಓದು.”

ಮಂದಾಕಿನಿಬಾಯಿಯವರು ಕನ್ನಡಕ ಹಾಕಿಕೊಂಡು, ಸಂತೋಷದಿಂದಲೇ ಓದತೊಡಗಿದರು. ಶ್ರಾವಣ ಬಹುಳ ಅಷ್ಟಮಿ, ಗೋಕುಲಾಷ್ಟಮಿ, ರೊಟ್ಟಿ ಮೂಸಿ ಬಿಟ್ಟ.

“ಮರುದಿನ ತಿಂತೇನು?”

ಮರುದಿನ ಅರ್ಧ ರೊಟ್ಟಿ ತಿಂದಿತ್ತು. ಅದನ್ನೂ ಬರೆದಿದ್ದರು. ಭಾದ್ರಪದ ಶುದ್ಧ ದ್ವಾದಶಿ, ಶ್ರವಣೋಪವಾಸ. ಅಜ್ಜನವರು ಅದೇ ಪ್ರಶ್ನೆ ಕೇಳಿದರು. ಮರುದಿನ ಸಾರಿನಲ್ಲಿ ನೆನೆಸಿದ ಅನ್ನ ಮಾತ್ರ, ಗಟ್ಟಿ ಪದಾರ್ಥ ತ್ಯಾಗ. ಆಶ್ವೀಜದ ಲಲಿತಾ ಪಂಚಮಿ. ಮರುದಿನವೂ ಇಲ್ಲ, ಅದರ ಮರುದಿನ ಹಾಲು. ನರಕ ಚತುರ್ದಶಿ, ಹಬ್ಬದ ಅಡಿಗೆಯ ಹತ್ತಿರ ಬಂದು ನಿಂತು ಬಾಯಿಂದ ಜೊಲ್ಲು ಸುರಿಸಿ ಹಿಂದಿರುಗಿದ, ವೈರಾಗ್ಯ. ಈ ಪದವನ್ನು ಓದುವಾಗ ಅವರ ದನಿ ಮೊದಲ ಸಲ ಸ್ವಲ್ಪ ಇಳಿಯಿತು. ಕಾರ್ತಿಕ ಶುದ್ಧ ತದಿಗೆ, ಮೌನ. ಪಂಚಮಿ, ಮುಖವನ್ನು ಮುಂಗಾಲಿನಿಂದ ಒರೆಸಿಕೊಳ್ಳುತ್ತಿದ್ದಾನೆ, ಎಡಭಾಗ. ಷಷ್ಠಿ, ಎಡಭಾಗ. ಸಪ್ತಮಿ, ಗದ್ದವೂರಿ ನಮಸ್ಕಾರ, ಬೆಳಗಿನಿಂದ ಸಂಜೆಯವರೆಗೆ, ಎಡಭಾಗ ಕಲ್ಲಿಗೆ.

ಅಷ್ಟು ಓದಿ ಅವರು ನಿಲ್ಲಿಸಿದರು. ಎಲ್ಲವನ್ನೂ ಅವರೇ ಬರೆದದ್ದು. ಒಂದು ದಿನವೂ ತಪ್ಪಿರಲಿಲ್ಲ, ಒಂದು ತಿಥಿಯೂ ಹೆಚ್ಚುಕಡಿಮೆಯಾಗಿರಲಿಲ್ಲ. ಆದರೆ ಬರೆಯುವಾಗ ದಿನಕ್ಕೊಂದು ಸಾಲಾಗಿದ್ದದ್ದು ಈಗ ಒಟ್ಟಿಗೆ ಕಿವಿಯ ಮೇಲೆ ಬಿದ್ದಾಗ ಬೇರೆಯೇ ಏನನ್ನೋ ಹೇಳುತ್ತಿತ್ತು. ಮುಂದಿನ ಪುಟ ತಿರುವಲು ಅವರಿಗೆ ಧೈರ್ಯವಾಗಲಿಲ್ಲ.

ಅಜ್ಜನವರು ಆಗ ಹೇಳಿದರು: “ಇದು ಉಪಾಸ ಅಲ್ಲವ್ವಾ. ಉಪಾಸ ಮಾಡಿದವರಿಗೆ ಉಪಾಸ ಬಿಡಾಕ ಬರತೈತಿ. ಇದಕ್ಕ ಬಿಡಾಕ ಬರವಲ್ದು. ಬಾಯಾಗ ಬ್ಯಾನಿ ಐತಿ.”

ಪದ್ಮಜಾ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ನೋಡತೊಡಗಿದಳು. ಮಂದಾಕಿನಿಬಾಯಿಯವರು ಅಷ್ಟು ಬೇಗ ಸೋಲುವವರಾಗಿರಲಿಲ್ಲ. ನಾಲ್ಕು ತಿಂಗಳು ಒಂದು ಜೀವ ತಮ್ಮ ಅಂಗಳದಲ್ಲೇ ನೋವು ತಿನ್ನುತ್ತಿದ್ದರೆ ತಮಗೆ ಗೊತ್ತಾಗದೆ ಇರುತ್ತದೆಯೇ?

“ಒಮ್ಮೆನೂ ಅತ್ತಿಲ್ಲಲ್ರಿ ಅಜ್ಜಾರ. ನೋವಿದ್ದರ ಕುಂಯ್ ಅಂತನಾದ್ರೂ ಅನ್ನೂದಿಲ್ಲೇನು?”

“ನಮ್ಮ ಚಂದ್ರೀನೂ ಅನ್ನಲಿಲ್ಲ” ಎಂದು ಅಜ್ಜನವರು ಗೋಡೆಯ ಕಡಿವಾಣವನ್ನು ನೋಡಿದರು.

ಚಂದ್ರಿ ಅವರ ಕುದುರೆ. ಆ ಕಥೆಯನ್ನು ಅವರು ಹಿಂದೆ ಯಾರಿಗೂ ಹೇಳಿರಲಿಲ್ಲ, ಆಮೇಲೂ ಹೇಳಿದ್ದು ಯಾರಿಗೂ ತಿಳಿದಿಲ್ಲ. ಅವಳು ಒದೆಯುವ ಕುದುರೆ, ಕಚ್ಚುವ ಕುದುರೆ. ನಿಲ್ದಾಣದ ಟಾಂಗಾದವರೆಲ್ಲ ಅವಳಿಗೆ ಹೆದರುತ್ತಿದ್ದರು. ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಶಾಂತಳಾದಳು. ಹೂಡಿದರೆ ಹೂಡಿಸಿಕೊಂಡಳು, ನಿಲ್ಲಿಸಿದಲ್ಲಿ ನಿಂತಳು, ತಲೆ ತಗ್ಗಿಸಿಯೇ ಇರುತ್ತಿದ್ದಳು. ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೆಯ ದಿನ ಇಬ್ಬರು ಪ್ರಯಾಣಿಕರು ಕೂತಿದ್ದಂತೆಯೇ ಟಾಂಗಾದ ಎರಡು ಮೂಕಿಮರಗಳ ನಡುವೆ ಕುಸಿದಳು. ಗೊರಸಿನೊಳಗೆ ಲಾಳದ ಮೊಳೆ ಮುರಿದುಕೊಂಡು ಕೀವಾಗಿ ಮೇಲಿನವರೆಗೆ ಏರಿತ್ತು.

“ಶಾಣ್ಯಾ ಆಗ್ಯಾಳ ಅಂತ ಊರತುಂಬ ಹೇಳಿಕೋತ ತಿರಿಗಿದ್ನವ್ವಾ. ಆಕಿಗೆ ಒದಿಯೂ ತ್ರಾಣನ ಉಳಿದಿರಲಿಲ್ಲ.”

ಇಷ್ಟು ಹೇಳಿ ಅವರು ಎದ್ದರು. ಬಾಯಿಯವರನ್ನು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ವಿಭೂತಿ ಹಚ್ಚುತ್ತಾರೇನೋ, ತಲೆಯ ಮೇಲೆ ಕೈ ಇಡುತ್ತಾರೇನೋ ಎಂದು ಮಂದಾಕಿನಿಬಾಯಿಯವರು ಕಾದರು. ಅಜ್ಜನವರು ಜಮಖಾನವನ್ನು ನೆಲದ ಮೇಲೆ ಹಾಸಿ, ನಾಯಿ ತಾನಾಗಿಯೇ ಅದರ ಮೇಲೆ ಬರುವವರೆಗೆ ಕಾದು, ಎದೆ ಮತ್ತು ಹಿಂಭಾಗದ ಅಡಿಗೆ ಎರಡೂ ಕೈ ಕೊಟ್ಟು, ತಲೆ ಎಲ್ಲಿಗೂ ತಾಗದಂತೆ ಎತ್ತಿಕೊಂಡರು. ಆ ಕೊಟ್ಟಿಗೆಗೆ ಬಂದಂದಿನಿಂದ ಅದರ ನೂರು ಹೆಜ್ಜೆಯಾಚೆ ಹೋಗದಿದ್ದ ಅಜ್ಜನವರು ಅಂದು ಆಟೋ ಹತ್ತಿ ದನದ ದವಾಖಾನೆಗೆ ಹೋದರು.

ಪಶುವೈದ್ಯ ಇನಾಮತಿಯವರು ನಾಯಿಗೆ ಮಂಪರಿನ ಇಂಜೆಕ್ಷನ್ ಕೊಟ್ಟು ಬಾಯಿ ತೆರೆದು ನೋಡಿದರು. ಕೆಳಗಿನ ಎಡ ದವಡೆಯ ಹಿಂದಿನ ಹಲ್ಲು ಬೇರಿನವರೆಗೆ ಕೊಳೆತು ಕೀವು ತುಂಬಿತ್ತು. ಅದರ ಹಿಂದೆ ಗಟ್ಟಿಯಾದ ಗಡ್ಡೆಯೊಂದು ಎಲುಬಿನೊಳಗೆ ಇಳಿದಿತ್ತು. ಹಲ್ಲು ಕಿತ್ತು ಕೀವು ತೆಗೆದರು. ಗಡ್ಡೆ ತೆಗೆಯುವ ಹಂತ ದಾಟಿದೆ ಎಂದರು. ಬೇಗ ತಂದಿದ್ದರೆ ಎಂದು ಮಂದಾಕಿನಿಬಾಯಿಯವರು ಕೇಳಿದಾಗ, ವೈದ್ಯರು ಕೈ ತೊಳೆಯುತ್ತ, ಶ್ರಾವಣದಲ್ಲಿ ಬಹುಶಃ ಏನಾದರೂ ಮಾಡಬಹುದಿತ್ತೆಂದು ಮೆಲ್ಲನೆ ಹೇಳಿದರು. ವಾಸಿ ಮಾಡಲು ಆಗದು, ಆದರೆ ಇರುವಷ್ಟು ದಿನ ನೋವನ್ನು ಹತೋಟಿಯಲ್ಲಿ ಇಡಬಹುದು. ಗುಳಿಗೆಯನ್ನು ಬರಿಹೊಟ್ಟೆಗೆ ಕೊಡಬಾರದು, ಹೊತ್ತು ತಪ್ಪಿಸಬಾರದು, ನೋವು ಹೆಚ್ಚಾಗಲೆಂದು ಕಾಯಬಾರದು. ತಮ್ಮ ಮೊಣಕಾಲಿನ ಗುಳಿಗೆ ಮನೆಯಲ್ಲಿ ಇವೆ, ಅರ್ಧ ಕೊಡಲೇ ಎಂದು ಬಾಯಿಯವರು ಕೇಳಿದರು. ವೈದ್ಯರು ಒಮ್ಮೆಲೇ ತಡೆದರು. ಮನುಷ್ಯರ ಗುಳಿಗೆ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ, ಪ್ರೀತಿಯಿಂದ ಕೊಟ್ಟು ಕೊಂದವರನ್ನು ಕಂಡಿದ್ದೇನೆ ಎಂದರು. ಗಂಜಿ ಉಗುರುಬೆಚ್ಚಗಿರಲಿ, ಕುತ್ತಿಗೆ ಬಗ್ಗಿಸದಂತೆ ತಟ್ಟೆಯನ್ನು ಎತ್ತರದಲ್ಲಿಡಿ, ಮೆತ್ತಗೆ ಹಾಸಿ, ಕೊರಳಿಗೆ ಏನೂ ಕಟ್ಟಬೇಡಿ.

ಸಂಜೆಯ ತುಳಸೀಲಗ್ನ ನಡೆಯಿತು. ಬಂದ ಹೆಂಗಸರಿಗೆ ಪುಂಡಲೀಕ ಕಾಣಿಸಲಿಲ್ಲ. ಅದನ್ನು ಪಡಸಾಲೆಯ ಒಳಗೆ, ಯಜಮಾನರು ಹೊದೆಯುತ್ತಿದ್ದ ಶಾಲಿನ ಮೇಲೆ ಮಲಗಿಸಿದ್ದರು. ನಾಯಿ ಹೊಸ್ತಿಲು ದಾಟಿ ಒಳಗೆ ಬಂದದ್ದು ಆ ಮನೆಯಲ್ಲಿ ಅದೇ ಮೊದಲು.

ನಾಲ್ಕನೆಯ ದಿನ ಪುಂಡಲೀಕ ಬಾಲ ಆಡಿಸಿತು. ಏಳನೆಯ ದಿನ ಹಾಲಿನವನನ್ನು ನೋಡಿ ಬೊಗಳಿತು. ಆ ಒಂದು ಬೊಗಳಿಗೆ ಪದ್ಮಜಾ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮಂದಾಕಿನಿಬಾಯಿಯವರು ಆಗಲೇ ಬಾಗಿಲಲ್ಲಿದ್ದರು. ಇಷ್ಟು ದಿನ ತಾವು ಮೌನವೆಂದು ಮೆಚ್ಚಿದ್ದು ಏನೆಂಬುದು ಅವರಿಗೆ ಆಗ ಪೂರ್ತಿಯಾಗಿ ತಿಳಿಯಿತು. ಅವರು ಒಳಗೆ ಹೋದರು.

ಕಾರ್ತಿಕ ಬಹುಳ ಏಕಾದಶಿ ಬಂತು. ಬೆಳಗಿನ ಗುಳಿಗೆಗೆ ಮೊದಲು ನಾಯಿಯ ಹೊಟ್ಟೆಗೆ ಏನಾದರೂ ಬೀಳಬೇಕಿತ್ತು. ಹಿಂದಿನ ರಾತ್ರಿ ಮಾಡಿಟ್ಟ ಗಂಜಿ ಹುಳಿಯಾಗಿತ್ತು. ಪದ್ಮಜಾ ಗಂಜಿಯ ಪಾತ್ರೆ ಹಿಡಿದು ಅಡಿಗೆಮನೆಯ ಹೊರಗೇ ನಿಂತಳು. ಅತ್ತೆಯವರನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಮಂದಾಕಿನಿಬಾಯಿಯವರು ಸ್ನಾನ ಮಾಡಿ, ಮಡಿಸೀರೆಯಲ್ಲಿ ಬಂದು, ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡು, ತಾವೇ ಒಲೆ ಹೊತ್ತಿಸಿದರು. ಮೂರು ತಲೆಮಾರಿನಲ್ಲಿ ಏಕಾದಶಿಯಂದು ಆ ಒಲೆಗೆ ಬೆಂಕಿ ಬಿದ್ದಿರಲಿಲ್ಲ. ಹೊಗೆ ಕಂಡು ಪಕ್ಕದ ಮನೆಯ ಸೋನಕ್ಕ ಗೋಡೆಯಾಚೆಯಿಂದ ತಲೆ ಎತ್ತಿದರು.

“ಏನು ಮಂದಾಕಾಕು, ಏಕಾದಶಿ ದಿನ ಒಲಿ ಹೊಗಿ? ಮನ್ಯಾಗ ಯಾರರೆ ಹಡದಾರೇನು?”

“ನಮ್ಮ ಪುಂಡಲೀಕಗ ಗಂಜಿ” ಎಂದು ಮಂದಾಕಿನಿಬಾಯಿಯವರು ಊದುಗೊಳವೆಯನ್ನು ಮತ್ತೆ ಬಾಯಿಗಿಟ್ಟುಕೊಂಡರು. ಅಂದು ತಮ್ಮ ಉಪವಾಸವನ್ನು ಅವರು ಎಂದಿನಂತೆ ನೀರೂ ಇಲ್ಲದೆ ಮಾಡಿದರು.

ಮಾರ್ಗಶಿರದಲ್ಲಿ ಗಡ್ಡೆ ಹೊರಗೆ ಕಾಣಿಸಿಕೊಂಡಿತು. ಗುಳಿಗೆಯ ಪ್ರಮಾಣ ಹೆಚ್ಚಿಸಬೇಕಾಯಿತು. ಅತ್ತೆ ಸೊಸೆ ಸರದಿಯಲ್ಲಿ ಕಾದರು. ಯಾವ ಮಗ್ಗುಲಲ್ಲಿ ಮಲಗಿದೆ, ಉಸಿರು ಹೇಗಿದೆ, ಹೆಸರು ಕರೆದರೆ ಕಿವಿ ನಿಲ್ಲುತ್ತದೆಯೇ, ಕಣ್ಣು ಅರ್ಧ ಮುಚ್ಚಿ ನಡುಗುತ್ತಿದೆಯೇ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅತ್ತೆಗೆ ಸಂಶಯ ಬಂದಾಗ ಸೊಸೆಯನ್ನು ಕರೆದು ಕೇಳತೊಡಗಿದರು. ಬಹುಳ ಪಂಚಮಿಯ ಮಧ್ಯಾಹ್ನ, ಪದ್ಮಜಾಳ ತೊಡೆಯ ಮೇಲೆ ತಲೆಯಿಟ್ಟು ಪುಂಡಲೀಕ ಪ್ರಾಣ ಬಿಟ್ಟಿತು.

ಸುದ್ದಿ ತಿಳಿದು ಜನ ಬಂದರು. ತುಳಸೀಹಾರ ಬಂದವು, ತಾಳ ಬಂದವು. ಏಕಾದಶಿ ಭಜನಾ ಮಂಡಳಿಯ ಗುಂಡಾಚಾರ್ಯರು ಒಂದು ಕೈಗಾಡಿಯಲ್ಲಿ ಇಟ್ಟಿಗೆ ಹೇರಿಸಿಕೊಂಡೇ ಬಂದಿದ್ದರು. ವ್ರತಸ್ಥನಾಗಿಯೇ ದೇಹ ಬಿಟ್ಟ ಜೀವ, ಅದಕ್ಕೊಂದು ಕಟ್ಟೆಯಾಗಬೇಕು, ಹೆಸರು ಕೆತ್ತಿಸಬೇಕು, ಬಾಯಿಯವರ ವಹಿಯನ್ನು ಅಚ್ಚು ಹಾಕಿಸಿ ಹಂಚಬೇಕು ಎಂದರು. ಅಂಗಳದಲ್ಲಿ ನಲವತ್ತು ಮಂದಿಯಾದರೂ ಇದ್ದರು. ಎಲ್ಲರೂ ಮಂದಾಕಿನಿಬಾಯಿಯವರ ಮುಖ ನೋಡಿದರು. ಅವರು ಮೆಟ್ಟಿಲ ಮೇಲೆ ನಿಂತಿದ್ದರು.

“ಅವ ಯಾವ ವ್ರತಾನೂ ಮಾಡಿಲ್ಲ. ಅವಗ ಹಲ್ಲು ನೋಯ್ತಿತ್ತು. ನಾಲ್ಕು ತಿಂಗಳು ನನ್ನ ಕಣ್ಣ ಮುಂದ ನೋಯ್ತಿತ್ತು, ನನಗ ಕಾಣಲಿಲ್ಲ. ನಮ್ಮ ಪದ್ಮಜಾಗ ಕಂಡಿತ್ತು. ಆಕಿ ಬಾಯಿ ನಾ ಮುಚ್ಚಿಸಿದೆ.”

ತಾಳ ಹಿಡಿದವರು ತಾಳ ಕೆಳಗಿಳಿಸಿದರು. ಗುಂಡಾಚಾರ್ಯರು ಹತ್ತಿರ ಬಂದು ದನಿ ತಗ್ಗಿಸಿ, ಹೋಗಲಿ ಬಿಡ್ರಿ ಬಾಯಿ, ಹಲ್ಲಿನ ಮಾತು ಮನ್ಯಾಗ ಇರಲಿ, ಜನರ ಭಕ್ತಿಗೆ ಯಾಕ ಭಂಗ ತರ್ತೀರಿ ಎಂದರು. ಆ ಭಕ್ತಿಗೇ ಅವನು ಸತ್ತದ್ದು ಎಂದು ಮಂದಾಕಿನಿಬಾಯಿಯವರು ಉತ್ತರಿಸಿದರು. ಇಟ್ಟಿಗೆಯ ಗಾಡಿ ಬಂದ ದಾರಿಯಲ್ಲೇ ಹಿಂದಿರುಗಿತು. ಹಿತ್ತಲಲ್ಲಿ ನುಗ್ಗೇಮರದ ಕೆಳಗೆ, ಮೇಲೆ ಏನೂ ಕಟ್ಟದೆ, ಮಣ್ಣು ಮಾಡಿದರು.

ಅಂದು ಹೊತ್ತು ಮುಳುಗುವ ಮೊದಲು ಅವರು ಒಬ್ಬರೇ ನಡೆದು ಕೊಟ್ಟಿಗೆಗೆ ಬಂದರು. ಆಟೋ ಮಾಡಲಿಲ್ಲ. ಪ್ರಾಯಶ್ಚಿತ್ತವೇನು ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಎಷ್ಟು ಲಕ್ಷ ಜಪ, ಯಾವ ಕ್ಷೇತ್ರ, ಏನು ಹೇಳಿದರೂ ಮಾಡುವ ಸಿದ್ಧತೆಯಲ್ಲಿ ಬಂದಿದ್ದರು. ಅಜ್ಜನವರು ಅವರ ಮುಖ ನೋಡಿದರು. ಏನಾಯಿತೆಂದು ಕೇಳಬೇಕಾಗಿರಲಿಲ್ಲ.

“ಇವತ್ತು ಏನರೆ ತಿಂತೇನವ್ವಾ?”

“ತಿಂದರಿ. ಮುಂಜಾನೆ. ಮೂರು ಚಮಚೆ ಗಂಜಿ.”

“ಚೆಲ್ಲಲಿಲ್ಲಲಾ?”

“ಇಲ್ಲರಿ. ನುಂಗಿದ. ಆಮ್ಯಾಲೆ ಪದ್ಮಜಾನ ಕೈ ನೆಕ್ಕಿದ.”

“ಹಂಗಾರ ಬ್ಯಾನಿ ಇರಲಿಲ್ಲ, ಆಗ” ಎಂದರು ಅಜ್ಜನವರು.

ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಮಂದಾಕಿನಿಬಾಯಿಯವರ ಬಾಯಿಗೆ ಬರಲಿಲ್ಲ. ಯಜಮಾನರು ತೀರಿದಾಗಲೂ ಜನರೆದುರು ಕಣ್ಣೀರು ಹಾಕದ ಹೆಣ್ಣುಮಗಳು ಕುದುರೆಯ ಕೊಟ್ಟಿಗೆಯ ನೆಲದ ಮೇಲೆ ಕೂತು ದನಿ ತೆಗೆದು ಅತ್ತರು. ಪೂಜ್ಯ ಅಜ್ಜನವರು ತಡೆಯಲಿಲ್ಲ, ಸಾಕೆನ್ನಲಿಲ್ಲ. ಗೋಣೀಚೀಲದಿಂದ ಎದ್ದು ಬಂದು ಅವರ ಪಕ್ಕದಲ್ಲಿ, ಗೋಡೆಯ ಕಡೆಗೆ ಮುಖ ಮಾಡಿ, ಅವರ ಅಳು ಮುಗಿಯುವವರೆಗೆ ಕೂತಿದ್ದರು.